ಮನಿ ಪಟ್ಟಿ ತುಂಬಿದ್ದಾಯ್ತು, ಪಾವತಿ ಓದಿದವರ್ಯಾರು?

ಕುಕನೂರಿನ ಬಸ್ ನಿಲ್ದಾಣದ ಹತ್ತಿರದ ಯಾವುದೇ ಚಹಾದಂಗಡಿಗೆ ಬೆಳಿಗ್ಗೆ ಏಳಕ್ಕೆ ಹೋಗಿ ಕುಳಿತರೆ ಸಾಕು, ಊರಿನ ಅರ್ಧ ಸುದ್ದಿ ತಾನಾಗಿಯೇ ಕಿವಿಗೆ ಬೀಳುತ್ತದೆ. ಕೊಪ್ಪಳದ ಬಸ್ಸು, ಗದಗಿನ ಬಸ್ಸು, ಯಲಬುರ್ಗಾದ ಬಸ್ಸು ಎಂದು ದಾರಿ ಕಾಯುವ ನೌಕರದಾರರು, ಸಂತೆಗೆ ಹೊರಟವರು, ಅಂಗಡಿ ಬಾಗಿಲು ತೆಗೆಯುವ ಮುಂಚೆ ಒಂದು ಕಪ್ ಚಹಾ ಕುಡಿದು ಹೋಗುವ ಸಾಹುಕಾರರು, ಎಲ್ಲರೂ ಅಲ್ಲಿ ಸೇರುತ್ತಾರೆ. ಮಾರ್ಚ್ ತಿಂಗಳು ಬಂತೆಂದರೆ ಅಲ್ಲಿನ ಮಾತು ಹೀಗಿರುತ್ತದೆ:

“ಏನ್ರೀ ಸಾವ್ಕಾರ್ರ, ಮನಿ ಪಟ್ಟಿ ತುಂಬಿದ್ರ್ಯಾ?”

“ತುಂಬೀನ್ರೀ ಮಾಸ್ತರ್ರ. ಮೊನ್ನೆ ಅಂಗಡಿ ಹುಡುಗನ್ನ ಕಳಿಸಿ ತುಂಬಿಸಿದೆ.”

“ಎಷ್ಟ್ ಬಂತ್ರೀ?”

“ಸಾವಿರದ ನಾಕನೂರಾ ಇಪ್ಪತ್ತು. ಹ್ಯಾಂಗ ಬಂತು ಅಂತ ಮಾತ್ರ ಕೇಳಬ್ಯಾಡ್ರಿ. ಅವರು ಹೇಳಿದ್ರು, ನಾವು ಕೊಟ್ವಿ. ಪಾವತಿ ಕಪಾಟಿನ್ಯಾಗ ಐತಿ.”

ಈ ಸಾಹುಕಾರರು ಲೆಕ್ಕದಲ್ಲಿ ಕಚ್ಚಾ ಅಲ್ಲ. ಒಂದು ಡಬ್ಬಿ ಎಣ್ಣೆಗೆ ಎರಡು ರೂಪಾಯಿ ಹೆಚ್ಚು ಬರೆದಿದ್ದರೆ ಗದಗಿನ ಸಗಟು ವ್ಯಾಪಾರಿಗೆ ಆ ಕ್ಷಣವೇ ಫೋನ್ ಹಚ್ಚಿ ಜಗಳ ತೆಗೆಯುವವರು. ಬಸ್ಸಿನಲ್ಲಿ ಚಿಲ್ಲರೆ ಉಳಿದರೆ ಟಿಕೆಟ್ಟಿನ ಹಿಂದೆ ಬರೆಸಿಕೊಂಡು, ಇಳಿಯುವಾಗ ಕಂಡಕ್ಟರನನ್ನು ಹುಡುಕಿ ಇಸಿದುಕೊಳ್ಳುವವರು. ಅಂಥವರು ತಾವು ಮಲಗುವ ಮನೆಯ ಮೇಲಿನ ಕರ ಹೇಗೆ ಬಂತು, ಎಲ್ಲಿಗೆ ಹೋಯಿತು ಎಂಬುದನ್ನು ಮಾತ್ರ ಕೇಳುವುದಿಲ್ಲ. ಪಾವತಿ ಮಡಚಿ ಕಪಾಟಿಗೆ ಸೇರಿಸಿದರೆ ಆ ವರ್ಷದ ಕೆಲಸ ಮುಗಿಯಿತು.

ಇದು ಒಬ್ಬ ಸಾಹುಕಾರರ ಮಾತಲ್ಲ. ಮನೆಯುಳ್ಳ ಬಹುತೇಕ ಎಲ್ಲರ ಮಾತು. ಮನೆಪಟ್ಟಿಯನ್ನು ದಂಡವೆಂದು ತಿಳಿದು ಕಟ್ಟುವವರು, ಇಲ್ಲವೆ ದಂಡವೆಂದು ತಿಳಿದೇ ಕಟ್ಟದೆ ಕುಳಿತವರು, ಊರಿನಲ್ಲಿ ಈ ಎರಡೇ ಪಂಗಡ. ಲೆಕ್ಕ ತಿಳಿದು ಕಟ್ಟಿ, ಲೆಕ್ಕ ಕೇಳುವ ಮೂರನೆಯ ಪಂಗಡ ಹುಟ್ಟುವವರೆಗೆ ಚರಂಡಿ, ದೀಪ, ನೀರಿನ ಮಾತು ಚಹಾದಂಗಡಿಯಲ್ಲೇ ಉಳಿಯುತ್ತದೆ.

ಹಳ್ಳಿಯ ಪಂಚಾಯ್ತಿ ಹೋಗಿ ಪಟ್ಟಣದ ಪಂಚಾಯ್ತಿ ಬಂತು

ಕುಕನೂರು ಹಳೆಯ ಊರು. ನವಲಿಂಗ ಗುಡಿ, ಮಹಾಮಾಯೆಯ ಗುಡಿ ನೋಡಿದವರಿಗೆ ಅದನ್ನು ಬೇರೆ ಹೇಳಬೇಕಿಲ್ಲ. ನಿಜಾಮರ ಕಾಲ ಕಂಡ ಊರು, ರಾಯಚೂರು ಜಿಲ್ಲೆಯಲ್ಲಿದ್ದ ಊರು, 1997ರಲ್ಲಿ ಕೊಪ್ಪಳ ಜಿಲ್ಲೆಗೆ ಸೇರಿದ ಊರು. ಯಲಬುರ್ಗಾ ತಾಲ್ಲೂಕಿನಲ್ಲಿದ್ದದ್ದು 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾಗಿ ತಾನೇ ತಾಲ್ಲೂಕಾಯಿತು. ಗ್ರಾಮ ಪಂಚಾಯ್ತಿ ಹೋಗಿ ಪಟ್ಟಣ ಪಂಚಾಯ್ತಿ ಬಂತು. ಈಗ ರೈಲೂ ಬಂದಿದೆ.

ಹೆಸರು ಬದಲಾದಾಗ ಜನ ಹಾರ ಹಾಕಿದರು, ಪಟಾಕಿ ಹೊಡೆದರು. ಆದರೆ ಬೋರ್ಡಿನ ಜೊತೆಗೆ ಕಾಯ್ದೆಯೂ ಬದಲಾಯಿತು ಎಂಬುದು ಎಷ್ಟು ಮಂದಿಯ ಗಮನಕ್ಕೆ ಬಂತು? ಗ್ರಾಮ ಪಂಚಾಯ್ತಿ ಕರ ಹಾಕುವುದು 1993ರ ಪಂಚಾಯತ್ ರಾಜ್ ಕಾಯ್ದೆಯಂತೆ. ಪಟ್ಟಣ ಪಂಚಾಯ್ತಿ ಕರ ಹಾಕುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಂತೆ. ಲೆಕ್ಕ ಬೇರೆ, ಕಾಗದ ಬೇರೆ. ಹಳ್ಳಿಯಲ್ಲಿ 2013ರಿಂದ ಇ-ಸ್ವತ್ತು ತಂತ್ರಾಂಶದಲ್ಲಿ ಬರುವ ನಮೂನೆ 9 ಮತ್ತು ನಮೂನೆ 11 ನಡೆಯುತ್ತವೆ. ಪಟ್ಟಣದಲ್ಲಿ ಇ-ಆಸ್ತಿ ತಂತ್ರಾಂಶದ ಇ-ಖಾತೆ ನಡೆಯುತ್ತದೆ. ಹಿರಿಯರ ಟ್ರಂಕಿನಲ್ಲಿರುವ ಹಳೆಯ ಪಂಚಾಯ್ತಿ ಉತಾರವನ್ನೇ ಇವತ್ತಿಗೂ ಮನೆಯ ಪತ್ರ ಎಂದು ನಂಬಿ ಕುಳಿತವರು ಒಮ್ಮೆ ಎದ್ದು ನೋಡುವುದು ಒಳಿತು.

ಲೆಕ್ಕ ಹೀಗಿದೆ ನೋಡ್ರಿ

ಹಿಂದೆ ಪಟ್ಟಣಗಳಲ್ಲಿ ಮನೆಗೆ ವರ್ಷಕ್ಕೆ ಎಷ್ಟು ಬಾಡಿಗೆ ಬಂದೀತು ಎಂದು ಅಂದಾಜು ಮಾಡಿ ಅದರ ಮೇಲೆ ಕರ ಹಾಕುತ್ತಿದ್ದರು. ಅಂದಾಜು ಮಾಡುವವನ ಕೈಯಲ್ಲಿ ಎಲ್ಲವೂ ಇತ್ತು. ಒಂದೇ ಓಣಿ, ಒಂದೇ ಅಳತೆಯ ಎರಡು ಮನೆ, ಕರ ಮಾತ್ರ ಒಂದಕ್ಕೊಂದು ತಾಳೆಯಿಲ್ಲ. ‘ಕೈ ಬಿಸಿ’ ಮಾಡಿದವನ ಬಾಡಿಗೆ ಕಡಿಮೆ, ಮಾಡದವನ ಬಾಡಿಗೆ ಹೆಚ್ಚು ಎಂಬ ಮಾತು ಎಲ್ಲ ಊರುಗಳಲ್ಲೂ ಇತ್ತು.

ಇದನ್ನು ತಪ್ಪಿಸಲೆಂದೇ ಮಾಲೀಕ ತಾನೇ ಲೆಕ್ಕ ಹಾಕಿ ಘೋಷಿಸಿ ಕಟ್ಟುವ ಸ್ವಯಂ ಘೋಷಣೆಯ ಪದ್ಧತಿ ಬಂತು. 2005ರ ಏಪ್ರಿಲ್‌ನಿಂದ ಬಾಡಿಗೆ ಲೆಕ್ಕ ಹೋಗಿ, ಜಾಗ ಮತ್ತು ಕಟ್ಟಡದ ಬೆಲೆಯ ಮೇಲೆ ಕರ ಎಂಬ ಲೆಕ್ಕ ಬಂತು. ಬೆಲೆ ಎಂದರೆ ಬಾಯಿಗೆ ಬಂದ ಬೆಲೆಯಲ್ಲ. ಖರೀದಿ ನೋಂದಣಿಗೆ ಸರ್ಕಾರ ಓಣಿವಾರು ಗೊತ್ತು ಮಾಡುವ ಮಾರ್ಗಸೂಚಿ ಬೆಲೆ. ಆಗ ಆ ಬೆಲೆಯ ಅರ್ಧವನ್ನು ಹಿಡಿದು, ಮೂರು ವರ್ಷಕ್ಕೊಮ್ಮೆ ಕರವನ್ನು ಕನಿಷ್ಠ ಶೇ 15 ಏರಿಸಿಕೊಂಡು ಬರುವ ರೂಢಿಯಿತ್ತು.

2020ರ ಕೊರೋನಾ ವರ್ಷದಲ್ಲಿ ಇದಕ್ಕೆ ಮತ್ತೊಂದು ತಿರುವು ಬಂತು. ಬೊಕ್ಕಸ ಬರಿದಾದ ರಾಜ್ಯಗಳಿಗೆ ಹೆಚ್ಚಿನ ಸಾಲ ಎತ್ತಲು ಕೇಂದ್ರ ಸರ್ಕಾರ ಅನುಮತಿ ಕೊಟ್ಟಿತು, ಜೊತೆಗೆ ಷರತ್ತುಗಳನ್ನೂ ಇಟ್ಟಿತು. ಅದರಲ್ಲಿ ಒಂದು, ಪಟ್ಟಣಗಳ ಆಸ್ತಿ ತೆರಿಗೆಯನ್ನು ಚಾಲ್ತಿ ಮಾರ್ಗಸೂಚಿ ಬೆಲೆಗೆ ಜೋಡಿಸಬೇಕು ಎಂಬುದು. ಹಾಗಾಗಿ ರಾಜ್ಯ ಸರ್ಕಾರ ಪುರಸಭೆ ಕಾಯ್ದೆಯನ್ನು ತಿದ್ದಿತು. ಹಳೆಯ ಬೆಲೆಯ ಅರ್ಧದ ಬದಲು ಚಾಲ್ತಿ ಬೆಲೆಯ ಕಾಲು ಭಾಗ ಎಂದಾಯಿತು. ಮೂರು ವರ್ಷಕ್ಕೊಮ್ಮೆ ಏರಿಸುವ ಬದಲು ವರ್ಷಕ್ಕೆ ಶೇ 3ರಿಂದ 5 ಎಂದಾಯಿತು. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲೆಲ್ಲ ಮಾರ್ಗಸೂಚಿ ಬೆಲೆ ಏರಿತು. “ನಮ್ಮ ಮನಿಗೆ ಒಂದು ಇಟ್ಟಂಗಿ ಹೆಚ್ಚಿಗಿ ಇಟ್ಟಿಲ್ಲ, ಪಟ್ಟಿ ಯಾಕ ಏರೈತಿ?” ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಇಟ್ಟಂಗಿ ಏರಿಲ್ಲ, ಜಾಗದ ಬೆಲೆ ಏರಿದೆ. ಊರು ತಾಲ್ಲೂಕಾದ ಮೇಲೆ ಸೈಟಿನ ದರ ಎಲ್ಲಿಗೆ ಹೋಯಿತೆಂದು ಮಾರಿದವರಿಗೂ ಗೊತ್ತು, ಕೊಂಡವರಿಗೂ ಗೊತ್ತು.

ಲೆಕ್ಕ ತಿಳಿಯಲೆಂದು ಒಂದು ಮನೆ ಹಿಡಿಯೋಣ. ದರಗಳು ಉದಾಹರಣೆಗೆ ಮಾತ್ರ, ಪ್ರತಿ ಓಣಿಯ ದರ ಬೇರೆ. ಮೂವತ್ತು-ನಲವತ್ತರ ಸೈಟು ಎಂದರೆ 1,200 ಚದರಡಿ. ಚದರಡಿಗೆ 400 ರೂಪಾಯಿ ಹಿಡಿದರೆ ಜಾಗದ ಬೆಲೆ 4,80,000. ಅದರಲ್ಲಿ 500 ಚದರಡಿಯ ಮನೆ. ಚದರಡಿಗೆ 800ರಂತೆ 4,00,000. ಮನೆ ಹಳೆಯದಾದಂತೆ ಸವಕಳಿ ಕಳೆಯಬೇಕು. ಐದರಲ್ಲೊಂದು ಪಾಲು ಸವಕಳಿ ಎಂದರೆ 80,000 ಹೋಗಿ 3,20,000 ಉಳಿಯಿತು. ಜಾಗ, ಮನೆ ಕೂಡಿ 8,00,000. ಅದರ ಕಾಲು ಭಾಗ 2,00,000. ಇದರ ಮೇಲೆ ಶೇಕಡಾ ಅರ್ಧದ ದರ ಹಾಕಿದರೆ ಕರ 1,000 ರೂಪಾಯಿ. ಈ ಶೇಕಡಾ ದರವನ್ನು ಕಾಯ್ದೆ ಹೇಳಿದ ಮಿತಿಯೊಳಗೆ ಊರಿನ ಪಂಚಾಯ್ತಿಯೇ ಗೊತ್ತು ಮಾಡುತ್ತದೆ. ಎಂದರೆ ಮತ ಕೇಳಲು ಮನೆ ಬಾಗಿಲಿಗೆ ಬರುವ ಸದಸ್ಯರಿಗೆ ಇದರಲ್ಲಿ ಬಾಯಿ ಇದೆ ಎಂದಾಯಿತು.

ಇಷ್ಟೇ ಲೆಕ್ಕ. ಕಿರಾಣಿ ಚೀಟಿ ಕೂಡಿಸಬಲ್ಲ ಯಾರಿಗೂ ಇದು ಕಠಿಣವಲ್ಲ. ಜಾಗದ ಅಳತೆ, ಕಟ್ಟಡದ ಅಳತೆ, ಕಟ್ಟಿದ ವರ್ಷ, ವಾಸಕ್ಕೋ ವ್ಯಾಪಾರಕ್ಕೋ ಎಂಬುದು, ಈ ನಾಲ್ಕು ಸರಿಯಾಗಿ ಬರೆದಿದ್ದರೆ ಕರ ಸರಿ. ಒಂದು ತಪ್ಪಿದ್ದರೂ ಕರ ತಪ್ಪು. ಕೆಡವಿದ ತಗಡಿನ ಶೆಡ್ಡಿಗೆ ಇನ್ನೂ ಕರ ಕಟ್ಟುತ್ತಿರುವವರು ಇರಬಹುದು. ಮೇಲೊಂದು ಮಾಳಿಗೆ ಏರಿಸಿ ಕೆಳಗಿನದಕ್ಕೆ ಮಾತ್ರ ಕಟ್ಟುತ್ತಿರುವವರೂ ಇರಬಹುದು. ಮೊದಲನೆಯವರು ತಮಗೆ ತಾವೇ ಮೋಸ ಮಾಡಿಕೊಂಡರು, ಎರಡನೆಯವರು ಪಕ್ಕದ ಮನೆಯವನಿಗೆ ಮಾಡಿದರು.

ರೂಪಾಯಿಗೆ ಇಪ್ಪತ್ನಾಲ್ಕು ಪೈಸೆ

ಕರ ಸಾವಿರ ರೂಪಾಯಿ ಎಂದಾದ ಮೇಲೂ ಪಾವತಿಯಲ್ಲಿ 1,240 ಇರುತ್ತದೆ. “ಮ್ಯಾಲಿನ ಎರಡನೂರಾ ನಲವತ್ತು ಯಾರ ಕಿಸೇಕ್ಕ ಹೋತು?” ಎಂದು ಗುಸುಗುಸು ಶುರುವಾಗುವುದು ಇಲ್ಲಿಯೇ. ಅದು ಯಾರ ಕಿಸೆಗೂ ಹೋಗಿಲ್ಲ. ಅದರ ಹೆಸರು ಉಪಕರ, ಇಂಗ್ಲಿಷಿನ ಸೆಸ್ಸು. ಆರೋಗ್ಯ ಉಪಕರ ಶೇ 15, ಗ್ರಂಥಾಲಯ ಉಪಕರ ಶೇ 6, ಭಿಕ್ಷುಕರ ಉಪಕರ ಶೇ 3. ಕೂಡಿದರೆ ಶೇ 24.

ಇವು ಇಂದು ನಿನ್ನೆಯವಲ್ಲ. ಆರೋಗ್ಯ ಉಪಕರದ ಕಾಯ್ದೆ 1962ರದು. ಗ್ರಂಥಾಲಯದ ಕಾಯ್ದೆ 1965ರದು. ಭಿಕ್ಷಾಟನೆ ನಿಷೇಧದ ಕಾಯ್ದೆ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗಿನ 1975ರದು. ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುವುದು ಈ ಮೂರು ಪೈಸೆಯ ಹಣದಿಂದ. ಪಂಚಾಯ್ತಿ ಈ ಹಣವನ್ನು ವಸೂಲು ಮಾಡಿ ಆಯಾ ಬಾಬಿಗೆ ಮುಟ್ಟಿಸಬೇಕು.

ಹೀಗೆಂದರೆ ಕುಕನೂರಿನಲ್ಲಿ ಮನೆಯುಳ್ಳ ಪ್ರತಿಯೊಬ್ಬನೂ, ತಾನು ಒಂದು ಪುಸ್ತಕ ಮುಟ್ಟದಿದ್ದರೂ, ವರ್ಷವೂ ಗ್ರಂಥಾಲಯಕ್ಕೆ ವಂತಿಗೆ ಕೊಡುತ್ತಿದ್ದಾನೆ. ಮೇಲಿನ ಮನೆಯ ಲೆಕ್ಕದಲ್ಲಿ ಅದು 60 ರೂಪಾಯಿ. ನೌಕರಿಯ ಪರೀಕ್ಷೆಗೆ ಓದುವ ಹುಡುಗರು ಗ್ರಂಥಾಲಯಕ್ಕೆ ಹೋಗಿ “ಹೊಸ ಪುಸ್ತಕ ಯಾವಾಗ ಬರ್ತಾವ್ರೀ?” ಎಂದು ಕೇಳಿದರೆ ಅದು ಭಿಕ್ಷೆಯಲ್ಲ. ಅವರಪ್ಪ ಮೊದಲೇ ಹಣ ಕೊಟ್ಟಿದ್ದಾನೆ.

ನೂರಕ್ಕೆ ಎರಡರ ಬಡ್ಡಿ

ಅಂಗಡಿಕಾರರಿಗೆ ಬಡ್ಡಿಯ ಮಾತು ಹೇಳಿಕೊಡಬೇಕಿಲ್ಲ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಎಂದರೆ ಎಂಥ ಬಡ್ಡಿ ಎಂದು ಕೈಗಡ ತಂದವನಿಗೆ ಗೊತ್ತು. ಮನೆಪಟ್ಟಿ ತಡ ಮಾಡಿದರೆ ಬೀಳುವ ದಂಡವೂ ಅದೇ ದರದ್ದು. ಕರದ ವರ್ಷ ಏಪ್ರಿಲ್ 1ಕ್ಕೆ ಆರಂಭ. ಏಪ್ರಿಲ್ ತಿಂಗಳೊಳಗೆ ಕಟ್ಟಿದವರಿಗೆ ಕರದಲ್ಲಿ ಶೇ 5 ರಿಯಾಯಿತಿ. ಕೆಲವು ವರ್ಷ ಸರ್ಕಾರ ಈ ಅವಧಿಯನ್ನು ಮುಂದೂಡಿದ್ದೂ ಉಂಟು. ಮೇ, ಜೂನ್‌ನಲ್ಲಿ ಕಟ್ಟಿದರೆ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈ ಹುಟ್ಟಿತೆಂದರೆ ತಿಂಗಳಿಗೆ ಶೇ 2 ದಂಡ ಏರುತ್ತದೆ.

ಮೇಲಿನ ಮನೆಯ ಲೆಕ್ಕವನ್ನೇ ಹಿಡಿಯಿರಿ. ಏಪ್ರಿಲ್‌ನಲ್ಲಿ ಕಟ್ಟಿದ್ದರೆ 1,240ರಲ್ಲಿ 50 ಕಳೆದು 1,190. ಮಾರ್ಚ್ ತನಕ ಎಳೆದರೆ ಜುಲೈನಿಂದ ಒಂಬತ್ತು ತಿಂಗಳ ದಂಡ 180 ಸೇರಿ 1,420. ಚಹಾದಂಗಡಿಯ ಸಾಹುಕಾರರು ಹೇಳಿದ ಮೊತ್ತ ಇದೇ ಅಲ್ಲವೇ? “ಅವರು ಹೇಳಿದ್ರು, ನಾವು ಕೊಟ್ವಿ” ಎಂದವರು ಯಾರಿಗೂ ಬೇಡದ 230 ರೂಪಾಯಿ ಕೊಟ್ಟು ಬಂದಿದ್ದಾರೆ. ಎಣ್ಣೆ ಡಬ್ಬಿಯ ಎರಡು ರೂಪಾಯಿಗೆ ಗದಗಿಗೆ ಫೋನ್ ಮಾಡುವವರು!

ಇನ್ನು ವರ್ಷಗಟ್ಟಲೆ ಕಟ್ಟದೆ ಕುಳಿತವರ ಮಾತು. ವರ್ಷಕ್ಕೆ ನೂರಕ್ಕೆ ಇಪ್ಪತ್ನಾಲ್ಕು. ನಾಲ್ಕು ವರ್ಷ ದಾಟಿತೆಂದರೆ ದಂಡವೇ ಅಸಲಿನ ಸಮಕ್ಕೆ ಬಂದು ನಿಲ್ಲುತ್ತದೆ. “ಎಲ್ಲರೂ ಬಾಕಿ ಅದಾರ, ನಮ್ಮದೊಂದ ಏನು” ಎಂದು ಸುಮ್ಮನಿದ್ದವರಿಗೆ ಮಗಳ ಮದುವೆಗೆ ಬ್ಯಾಂಕಿನ ಸಾಲ ಬೇಕಾದಾಗ, ಇಲ್ಲವೆ ಅಣ್ಣತಮ್ಮಂದಿರು ಪಾಲಾಗುವಾಗ ಎಲ್ಲ ಬಾಕಿಯೂ ಒಟ್ಟಿಗೆ ಎದುರು ಬರುತ್ತದೆ.

ಮನೆ ಮುಂದಿನ ಷಟರು

ಅಂಗಡಿಕಾರರಿಗೆ ಇನ್ನೊಂದು ಮಾತು. ಮನೆಯ ಪಡಸಾಲೆಗೆ ಒಂದು ಷಟರು ಕೂಡಿಸಿ ಅಂಗಡಿ ಹಾಕಿದವರು ನಮ್ಮ ಊರುಗಳಲ್ಲಿ ಎಷ್ಟೋ ಮಂದಿ. ಹಾಗೆ ಮಾಡಿದ ದಿನವೇ ಆ ಭಾಗ ವಾಸದ್ದಲ್ಲ, ವ್ಯಾಪಾರದ್ದು ಎಂದಾಗುತ್ತದೆ. ವ್ಯಾಪಾರದ ಕಟ್ಟಡಕ್ಕೆ ದರ ಹೆಚ್ಚು. ಆದರೆ ಇಡೀ ಮನೆಗೆ ಹೆಚ್ಚಲ್ಲ, ಅಂಗಡಿಯ ಅಳತೆಗೆ ಮಾತ್ರ ಹೆಚ್ಚು. ಘೋಷಣೆಯಲ್ಲಿ ಅಂಗಡಿ ಇಷ್ಟು, ಮನೆ ಇಷ್ಟು ಎಂದು ಬೇರೆ ಬೇರೆ ಬರೆಯದಿದ್ದರೆ, ಒಂದೋ ಇಡೀ ಮನೆ ವ್ಯಾಪಾರದ ಲೆಕ್ಕಕ್ಕೆ ಹೋಗುತ್ತದೆ, ಇಲ್ಲವೆ ಮುಂದೊಂದು ದಿನ ತನಿಖೆಯಾದಾಗ ಕಡಿಮೆ ಕಟ್ಟಿದ ಹಣ ದಂಡದೊಡನೆ ಮೈಮೇಲೆ ಬರುತ್ತದೆ.

ಅಂಗಡಿಯ ಲೈಸೆನ್ಸು ಬೇರೆ, ಆಸ್ತಿ ತೆರಿಗೆ ಬೇರೆ. ಲೈಸೆನ್ಸಿನ ಹಣ ಕಟ್ಟಿದೆನೆಂದು ಪಟ್ಟಿ ಬಿಟ್ಟರೆ ನಡೆಯದು. ಬಾಡಿಗೆ ಅಂಗಡಿಗೂ ಪಟ್ಟಿ ಕಟ್ಟುವ ಹೊಣೆ ಮಾಲೀಕನದೇ. ಬಾಡಿಗೆದಾರ ಕಟ್ಟಬೇಕೆಂದು ಇಬ್ಬರಲ್ಲಿ ಮಾತಾಗಿದ್ದರೆ ಅದನ್ನು ಕರಾರಿನಲ್ಲಿ ಬರೆಯಿಸಿ, ಪಾವತಿಯ ಒಂದು ಪ್ರತಿ ಇಬ್ಬರ ಹತ್ತಿರವೂ ಇರಲಿ. ಬಾಯಿಮಾತಿನ ಕರಾರು ಜಗಳದ ದಿನ ಯಾರ ಬಾಯಲ್ಲೂ ಇರುವುದಿಲ್ಲ.

ಪಾವತಿ ಬೇರೆ, ಹಕ್ಕು ಬೇರೆ

ಈಗ ಎಲ್ಲಕ್ಕಿಂತ ಸೂಕ್ಷ್ಮದ ಮಾತು. “ನಮ್ಮಪ್ಪನ ಕಾಲದಿಂದ ಪಟ್ಟಿ ತುಂಬಕೋಂತ ಬಂದೀವಿ, ಮನಿ ನಮ್ದ” ಎಂಬ ನಂಬಿಕೆ. ಮನೆ ಅವರದೇ ಇರಬಹುದು. ಆದರೆ ಅದನ್ನು ಅವರದು ಮಾಡುವುದು ಪಟ್ಟಿಯ ಪಾವತಿಯಲ್ಲ. ಖಾತೆ ಎಂಬುದು ಕರ ಯಾರಿಂದ ವಸೂಲು ಮಾಡಬೇಕು ಎಂದು ಬರೆದುಕೊಂಡ ವಹಿ. ಮಾಲೀಕತ್ವ ಬರುವುದು ಖರೀದಿ ಪತ್ರ, ದಾನಪತ್ರ, ಹಕ್ಕುಪತ್ರ, ಪಾಲುಪತ್ರ, ವಾರಸಾ ಇವುಗಳಿಂದ. ನ್ಯಾಯಾಲಯಗಳು ಇದನ್ನು ಮತ್ತೆ ಮತ್ತೆ ಹೇಳಿವೆ.

ಜಿಲ್ಲೆಯ ಒಂದು ಊರಿನಲ್ಲಿ, ಹೆಸರು ಬೇಡ, ಒಬ್ಬ ತಾಯಿ ವರ್ಷವೂ ತಪ್ಪದೆ ಪಟ್ಟಿ ಕಟ್ಟಿದಳು. ಕಟ್ಟಿದ್ದು ತಾನಲ್ಲ, “ನಾ ತುಂಬಿ ಬರ್ತೀನಿ ಬಿಡವ್ವಾ” ಎಂದ ಒಬ್ಬ ಪರಿಚಯದ ತಮ್ಮನ ಕೈಯಲ್ಲಿ. ತುಂಬಿದ್ದಕ್ಕೆ ಅವನಿಗೆ ಬೇರೆ ಚಹಾದ ದುಡ್ಡು. ಹೊಲಿಗೆ ಯಂತ್ರದ ಅಂಗಡಿ ಹಾಕಲು ಮಗ ಸಾಲಕ್ಕೆ ಹೋದಾಗ ಪಾವತಿಗಳನ್ನೆಲ್ಲ ಬಿಚ್ಚಿದರು. ಎಲ್ಲ ಪಾವತಿಯೂ ತೀರಿಹೋದ ಮಾವನ ಹೆಸರಿನಲ್ಲಿ. ನಡುವೆ ಮೂರು ವರ್ಷದ ಪಾವತಿಯೇ ಇಲ್ಲ. ಮಾವನಿಗೆ ಮೂವರು ಮಕ್ಕಳು, ಒಬ್ಬ ದೂರದ ಗೋವಾದಲ್ಲಿ. ವಾರಸಾ ಮಾಡಿಸಲು ಎಲ್ಲರ ಸಹಿ ಬೇಕು. ಸಾಲದ ಕಾಗದ ಹಾಗೇ ಉಳಿಯಿತು. ಆ ತಾಯಿ ಕೊನೆಗೆ ಕೇಳಿದ್ದು ಒಂದೇ ಮಾತು: “ಅಷ್ಟು ವರ್ಷ ರೊಕ್ಕ ಕೊಟ್ಟೀನಲ್ಲೋ ಯಪ್ಪಾ, ಒಬ್ಬರರೆ ಹೆಸರು ಬದ್ಲಿ ಮಾಡಸವ್ವಾ ಅಂತ ಹೇಳಬಾರದಿತ್ತಾ?”

ಯಾರೂ ಹೇಳಲಿಲ್ಲ. ಪಾವತಿಯ ಮೇಲೆ ಹೆಸರು ದೊಡ್ಡದಾಗಿ ಅಚ್ಚಾಗಿತ್ತು, ಓದಿ ಹೇಳುವವರಿರಲಿಲ್ಲ.

2024ರಿಂದ ಈ ಮಾತು ಇನ್ನೂ ಬಿಗಿಯಾಗಿದೆ. ಇ-ಖಾತೆ ಇಲ್ಲದೆ ಪಟ್ಟಣದ ಆಸ್ತಿಯ ಖರೀದಿ ನೋಂದಣಿ ಆಗುವುದಿಲ್ಲ. ಇ-ಖಾತೆಗೆ ಮಾಲೀಕತ್ವದ ಪತ್ರ, ಋಣಭಾರ ಪತ್ರ, ಚಾಲ್ತಿ ವರ್ಷದ ಪಟ್ಟಿಯ ಪಾವತಿ, ಮಾಲೀಕರ ಗುರುತಿನ ಚೀಟಿ, ಆಸ್ತಿಯ ಫೋಟೋ ಬೇಕು. ಪಾವತಿ ಒಂದರಿಂದಲೇ ಮನೆ ನಮ್ಮದಾಗದು. ಆದರೆ ಪಾವತಿ ಇಲ್ಲದೆ ನಮ್ಮ ಮನೆಯನ್ನು ನಮ್ಮದೆಂದು ಬರೆಸಿಕೊಳ್ಳಲೂ ಆಗದು.

ಮಂಜೂರಾತಿ ಇಲ್ಲದ ಬಡಾವಣೆಗಳಲ್ಲಿ ಸೈಟು ಕೊಂಡವರ ಪಾಡು ಇನ್ನೊಂದು. ಅಂಥವರಿಗೆ ಬಿ-ಖಾತೆ ಕೊಡಲು ಸರ್ಕಾರ 2025ರ ಫೆಬ್ರುವರಿ 18ರಿಂದ ಬೆಂಗಳೂರಿನ ಹೊರಗಿನ ಪಟ್ಟಣಗಳಲ್ಲಿ ಮೂರು ತಿಂಗಳ ಅಭಿಯಾನ ನಡೆಸಿತು. 2024ರ ಸೆಪ್ಟೆಂಬರ್ 10ಕ್ಕೆ ಮುಂಚಿನ ನೋಂದಾಯಿತ ಪತ್ರ ಇದ್ದವರಿಗೆ ಅವಕಾಶ, ಮೊದಲ ಸಲ ದುಪ್ಪಟ್ಟು ತೆರಿಗೆ. ಆದರೆ ಬಿ-ಖಾತೆ ಸಿಕ್ಕಿತೆಂದು ಬಡಾವಣೆ ಸಕ್ರಮವಾಗಲಿಲ್ಲ. ಕರ ಕಟ್ಟುವವರ ವಹಿಯಲ್ಲಿ ಹೆಸರು ಬಂತು, ಅಷ್ಟೇ. ಸೈಟು ಮಾರುವವನು “ಖಾತೆ ಐತ್ರೀ” ಎಂದರೆ, “ಎ-ನೋ, ಬಿ-ನೋ?” ಎಂದು ಕೇಳುವ ಧೈರ್ಯ ಕೊಳ್ಳುವವನಿಗೆ ಬೇಕು.

ಪಂಚಾಯ್ತಿಗೂ ಬೇಕು, ಜನರಿಗೂ ಬೇಕು

ಕರ ಕಟ್ಟದವರ ವಾದ ಎಲ್ಲರಿಗೂ ಗೊತ್ತಿದ್ದದ್ದೇ. “ಮೊದ್ಲ ಗಟಾರ ಬಳಸ್ರಿ, ಆಮ್ಯಾಲೆ ಪಟ್ಟಿ ಕೇಳ್ರಿ.” ಅಧಿಕಾರಿಗಳ ವಾದವೂ ಗೊತ್ತಿದ್ದದ್ದೇ. “ಮೊದ್ಲ ಪಟ್ಟಿ ತುಂಬ್ರಿ, ಗಟಾರಕ್ಕ ರೊಕ್ಕ ಎಲ್ಲಿಂದ ತರೋದು?” ಎರಡೂ ಕಡೆ ನ್ಯಾಯವಿದೆ. ಆದರೆ ಎರಡೂ ಎತ್ತು ಒಂದೊಂದು ದಿಕ್ಕಿಗೆ ಎಳೆದರೆ ಬಂಡಿ ನಿಂತಲ್ಲೇ ನಿಲ್ಲುತ್ತದೆ.

ಕರ ಕಟ್ಟದವರು ಒಂದು ತಿಳಿಯಬೇಕು. ಮನೆಪಟ್ಟಿಯ ಹಣ ಬೆಂಗಳೂರಿಗೆ ಹೋಗುವುದಿಲ್ಲ, ದಿಲ್ಲಿಗೂ ಹೋಗುವುದಿಲ್ಲ. ಉಪಕರ ಬಿಟ್ಟರೆ ಉಳಿದದ್ದು ಊರಿನದೇ. ಪಂಚಾಯ್ತಿಯ ಸ್ವಂತ ಆದಾಯವೆಂದರೆ ಈ ಪಟ್ಟಿ, ನಳದ ಕರ, ಮಳಿಗೆ ಬಾಡಿಗೆ, ಲೈಸೆನ್ಸು ಮೊದಲಾದವು ಮಾತ್ರ. ಉಳಿದದ್ದೆಲ್ಲ ಮೇಲಿನ ಅನುದಾನ. ಅನುದಾನಕ್ಕೂ ಈಗ ಪಟ್ಟಿಗೂ ಗಂಟು ಬಿದ್ದಿದೆ. 2021ರಿಂದ 2026ರವರೆಗಿನ ಅವಧಿಗೆ 15ನೇ ಹಣಕಾಸು ಆಯೋಗ ಪಟ್ಟಣಗಳ ಅನುದಾನಕ್ಕೆ ಹಾಕಿದ ಷರತ್ತಿನಲ್ಲಿ, ಆಸ್ತಿ ತೆರಿಗೆಯ ಕನಿಷ್ಠ ದರ ಗೊತ್ತು ಮಾಡಬೇಕು, ವಸೂಲಿ ರಾಜ್ಯದ ಉತ್ಪನ್ನ ಬೆಳೆದಂತೆ ಬೆಳೆಯಬೇಕು ಎಂದಿತ್ತು. ಊರಿನವರು ಕೊಡದ ಊರಿಗೆ ಮೇಲಿನವರೂ ಕೈ ಹಿಡಿದು ಕೊಡುತ್ತಾರೆ ಎಂದಾಯಿತು.

ಕರ ಕೇಳುವವರೂ ಒಂದು ತಿಳಿಯಬೇಕು. ಕೇಳುವವರು ಮೊದಲು ಲೆಕ್ಕ ತೋರಿಸಬೇಕು. ಪ್ರತಿ ಪಂಚಾಯ್ತಿಯಲ್ಲಿ ‘ಬೇಡಿಕೆ, ವಸೂಲಿ, ಬಾಕಿ’ ಎಂಬ ತಖ್ತೆ ಇರುತ್ತದೆ. ಎಷ್ಟು ಬರಬೇಕು, ಎಷ್ಟು ಬಂತು, ಎಷ್ಟು ನಿಂತಿತು ಎಂಬ ಮೂರು ಸಾಲು. ಇದು ಮುಖ್ಯಾಧಿಕಾರಿಯ ಟೇಬಲ್ಲಿನ ಕಡತದಲ್ಲಿದ್ದರೆ ಸಾಲದು, ಜನರ ಕಣ್ಣೆದುರು ಇರಬೇಕು. ವಾರ್ಡಿನ ಬಡವನ ಸಾವಿರ ರೂಪಾಯಿಗೆ ಬಿಲ್ ಕಲೆಕ್ಟರ್ ಮೂರು ಸಲ ಬಾಗಿಲು ಬಡಿದು, ದೊಡ್ಡ ಗೋದಾಮು, ದೊಡ್ಡ ಕಟ್ಟಡದ ಬಾಕಿಗೆ ಮೌನವಾದರೆ ಯಾವ ಊರಿನಲ್ಲೂ ಜನ ಮನಸ್ಸಿನಿಂದ ಕರ ಕಟ್ಟುವುದಿಲ್ಲ.

ಇಷ್ಟು ಮಾಡಿದರೆ ಸಾಕು

ಮನೆಯವರು ಮಾಡಬೇಕಾದದ್ದು ಬಹಳವಿಲ್ಲ. ಕಪಾಟಿನ ಪಾವತಿ ಇಂದೇ ಹೊರತೆಗೆದು ಹೆಸರು, ಅಳತೆ, ವಾಸವೋ ವ್ಯಾಪಾರವೋ ಎಂಬುದು, ಯಾವ ವರ್ಷದ್ದು ಎಂಬುದು, ಈ ನಾಲ್ಕನ್ನು ನೋಡಲಿ. ಕಣ್ಣು ಕಾಣದ ಹಿರಿಯರಿಗೆ ಶಾಲೆಗೆ ಹೋಗುವ ಮೊಮ್ಮಕ್ಕಳು ಓದಿ ಹೇಳಲಿ. ತೀರಿಹೋದವರ ಹೆಸರಿದ್ದರೆ ವಾರಸಾ ಅರ್ಜಿ ಹಾಕಲಿ. ಅರ್ಜಿ ಕೊಟ್ಟಾಗ ಸಕಾಲದ ಸ್ವೀಕೃತಿ ಸಂಖ್ಯೆ ಕೇಳಿ ಇಸಿದುಕೊಳ್ಳಲಿ. ಸಂಖ್ಯೆ ಇಲ್ಲದ ಅರ್ಜಿಗೆ ಕಾಲು ಬರುತ್ತವೆ, ಅದು ಎಲ್ಲಿ ಹೋಯಿತೆಂದು ಯಾರೂ ಹೇಳಲಾರರು. ನಡುವಿನವರ ಕೈಗೆ ರೊಕ್ಕ ಕೊಡುವುದು ಬಿಡಲಿ. ಏಪ್ರಿಲ್ ತಿಂಗಳಲ್ಲೇ ಕಟ್ಟಲಿ. ಲೆಕ್ಕ ಸರಿ ಕಾಣದಿದ್ದರೆ ಬರವಣಿಗೆಯಲ್ಲಿ ಆಕ್ಷೇಪ ಕೊಡಲಿ. ಉತ್ತರ ಬಾರದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಇದೆ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕೆಂದು 2005ರ ಕಾಯ್ದೆ ಹೇಳುತ್ತದೆ. ಬಜೆಟ್ಟಿಗೆ ಮುಂಚೆ ಸಾರ್ವಜನಿಕರ ಪೂರ್ವಭಾವಿ ಸಭೆ ಕರೆದಾಗ ಪಾವತಿ ಕಿಸೆಯಲ್ಲಿಟ್ಟುಕೊಂಡು ಹೋಗಿ ಕೂಡಲಿ. ಕರ ಕಟ್ಟಿದವನ ಪ್ರಶ್ನೆಗೆ ತೂಕ ಬೇರೆ.

ಪುರಪಿತೃಗಳು ಮಾಡಬೇಕಾದದ್ದೂ ಬಹಳವಿಲ್ಲ. ವಾರ್ಡುವಾರು ದರ, ಉಪಕರ, ರಿಯಾಯಿತಿ, ದಂಡ, ಒಂದು ಮಾದರಿ ಲೆಕ್ಕ, ಇಷ್ಟನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬಸ್ ನಿಲ್ದಾಣದ ಗೋಡೆಯ ಮೇಲೆ ಬರೆಸುವುದು. ಪಕ್ಕದಲ್ಲೇ ಬೇಡಿಕೆ, ವಸೂಲಿ, ಬಾಕಿಯ ಮೂರು ಸಾಲು. ಏಪ್ರಿಲ್‌ನಲ್ಲಿ ವಾರಕ್ಕೊಂದು ವಾರ್ಡಿನಲ್ಲಿ ಟೇಬಲ್ ಹಾಕಿ, ಪಟ್ಟಿ ತುಂಬಿಸಿಕೊಳ್ಳುವುದರ ಜೊತೆಗೆ ಹೆಸರು ಬದಲಾವಣೆಯ ಅರ್ಜಿಯನ್ನೂ ಅಲ್ಲೇ ತೆಗೆದುಕೊಳ್ಳುವುದು. ಇದಕ್ಕೆ ಹೊಸ ಕಾಯ್ದೆಯೂ ಬೇಡ, ಬೆಂಗಳೂರಿನ ಮಂಜೂರಾತಿಯೂ ಬೇಡ. ಒಂದು ಡಬ್ಬಿ ಬಣ್ಣ, ಒಬ್ಬ ಪೇಂಟರು, ಒಂದು ಟೇಬಲ್ಲು ಸಾಕು.

ಇದು ಈ ನೆಲಕ್ಕೆ ಹೊಸ ಮಾತೂ ಅಲ್ಲ. ಸಾವಿರ ವರ್ಷದ ಹಿಂದಿನ ಕನ್ನಡ ಶಾಸನಗಳಲ್ಲಿ ಮನೆದೆರೆ, ಸುಂಕ ಎಂಬ ಮಾತುಗಳು ಬರುತ್ತವೆ. ಯಾವ ತೆರೆ ಯಾರಿಗೆ ಸಲ್ಲಬೇಕು, ಯಾವುದನ್ನು ಬಿಟ್ಟುಕೊಟ್ಟಿದೆ ಎಂದು ಅಂದಿನವರು ಕಲ್ಲಿನಲ್ಲಿ ಕೊರೆಸಿ ಗುಡಿಯ ಮುಂದೆ, ಹೋಗಿ ಬರುವವರ ಕಣ್ಣಿಗೆ ಬೀಳುವಂತೆ ನಿಲ್ಲಿಸಿದರು. ಕಲ್ಲಿನಲ್ಲಿ ಕೊರೆಸಿದ ನಾಡ ಜನ ಇಂದು ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಲು ಹಿಂಜರಿಯಬೇಕೇ?

ಗೋಡೆಯ ಮೇಲೆ ಲೆಕ್ಕ ಬಂದ ದಿನ ಕೊಪ್ಪಳದ ಬಸ್ಸು ಕಾಯುವ ಮಾಸ್ತರರು ನಿಂತು ಓದುತ್ತಾರೆ. ಚಹಾ ಮುಗಿಸಿದ ಸಾಹುಕಾರರೂ ಓದುತ್ತಾರೆ. ಓದಿದವರು ಮನೆಗೆ ಹೋಗಿ ಕಪಾಟು ತೆಗೆಯುತ್ತಾರೆ. ಮುಂದಿನ ಏಪ್ರಿಲ್‌ನಲ್ಲಿ ಸಾಹುಕಾರರು 1,190 ಕಟ್ಟಿ ಬಂದು, ಉಳಿದ 230ರಲ್ಲಿ ಎಲ್ಲರಿಗೂ ಚಹಾ ಕುಡಿಸಿದರೆ ಚಹಾದಂಗಡಿಯವನಿಗೂ ಲಾಭ, ಹೊತ್ತಿಗೆ ಸರಿಯಾಗಿ ಕರ ಬಂದ ಪಂಚಾಯ್ತಿಗೂ ಲಾಭ. ಆಮೇಲೆ ಅವರೇ ಎದ್ದು “ನಮ್ಮ ಓಣಿ ಗಟಾರದ್ದು ಏನ್ ಮಾಡಿದ್ರೀ?” ಎಂದು ಕೇಳಿದರೆ, ಉತ್ತರ ಹೇಳುವ ಪಾಳಿ ಪುರಪಿತೃಗಳದು.